ಭಾನುವಾರದ ಐದು

ಇಪ್ಪತ್ತೆರಡು ವರ್ಷದಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ. ಕೀವು, ವಾಂತಿ, ಕೊಳೆತ ಗಾಯ, ಹುಳ ಬಿದ್ದ ಕಾಲು ಎಲ್ಲವನ್ನೂ ಮುಟ್ಟಿ, ಕೈ ತೊಳೆದುಕೊಂಡು, ಅದೇ ಕೈಯಲ್ಲಿ ಊಟ ಮಾಡಿದ್ದೇನೆ. ಇವಳಿಗೆ ಅಸಹ್ಯ ಅನ್ನೋದೇ ಇಲ್ಲ ಎಂದು ಮನೆಯವರು ಆಡಿಕೊಳ್ಳುತ್ತಿದ್ದರು. ಇದೆ. ಆ ಗುರುವಾರದ ಸಭೆಯಲ್ಲಿ ವೇದಿಕೆಯ ಮೇಲೆ ಕೂತ ಇಬ್ಬರನ್ನು ನೋಡಿ ನನಗೆ ಅಸಹ್ಯವಾಯಿತು. ಮಾರನೆಯ ದಿನ ಇನ್ನೊಬ್ಬಳನ್ನು ನೋಡಿ ಅದಕ್ಕಿಂತ ಹೆಚ್ಚು ಅಸಹ್ಯವಾಯಿತು. ಅವಳ ಮಾತು ಕೊನೆಯಲ್ಲಿ ಬರುತ್ತದೆ.

ನಮ್ಮದು ಮೂರು ಕೋಣೆಯ ಆರೋಗ್ಯ ಕೇಂದ್ರ. ಮುಂದಿನ ಕೋಣೆಯಲ್ಲಿ ಡಾಕ್ಟರು, ನಡುವಿನದರಲ್ಲಿ ನಾನು ಮತ್ತು ಕೆಲಸಕ್ಕೆ ಸೇರಿ ವರ್ಷವಾಗದ ಚಿಕ್ಕ ಸಿಸ್ಟರ್, ಹಿಂದಿನದರಲ್ಲಿ ಲಸಿಕೆಯ ಫ್ರಿಜ್. ಅದರೊಳಗೆ ಎರಡರಿಂದ ಎಂಟು ಡಿಗ್ರಿ ಇರಬೇಕು. ಅದಕ್ಕಿಂತ ಬಿಸಿಯಾದರೆ ಲಸಿಕೆ ಕೆಡುತ್ತದೆ. ಕೆಟ್ಟರೂ ನೋಡಲು ಹಾಗೇ ಇರುತ್ತದೆ. ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ಹಾಕಿಸಿಕೊಂಡವರಿಗೆ ತೊಂದರೆಯೇನೂ ಇಲ್ಲ, ಪ್ರಯೋಜನವೂ ಇಲ್ಲ, ನೀರು ಚುಚ್ಚಿದ ಹಾಗೆ. ಅದಕ್ಕೇ ಫ್ರಿಜ್ಜಿನ ಹಿಡಿಗೆ ದಾರ ಕಟ್ಟಿ ಒಂದು ಪುಸ್ತಕ ನೇತುಹಾಕಿದ್ದೇವೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಾಗಿಲ ಮೇಲೆ ಕಾಣುವ ಅಂಕಿಯನ್ನು ನೋಡಿ ಅದರಲ್ಲಿ ಬರೆದು ಸಹಿ ಹಾಕಬೇಕು.

ಭಾನುವಾರ ಕೇಂದ್ರಕ್ಕೆ ಬೀಗ. ಆದರೆ ಪುಸ್ತಕದಲ್ಲಿ ಭಾನುವಾರಕ್ಕೂ ಎರಡು ಮನೆ ಅಚ್ಚು ಹಾಕಿದ್ದಾರೆ. ಖಾಲಿ ಬಿಟ್ಟರೆ ತಪಾಸಣೆಗೆ ಬಂದವರು ಕೆಂಪು ಗೆರೆ ಎಳೆದು ವಿವರಣೆ ಕೇಳುತ್ತಾರೆ. ಹಾಗಾಗಿ ಸೋಮವಾರ ಬೆಳಿಗ್ಗೆ ಅಂಕಿ ನೋಡಿ, ಅದು ಐದಿದ್ದರೆ, ಭಾನುವಾರಕ್ಕೂ ಎರಡು ಐದು ಬರೆದುಬಿಡುವುದು ರೂಢಿ. ನನಗಿಂತ ಮೊದಲಿದ್ದವರು ಹೇಳಿಕೊಟ್ಟದ್ದು, ನಾನು ಚಿಕ್ಕ ಸಿಸ್ಟರ್‌ಗೂ ಹೇಳಿಕೊಡಬೇಕೆಂದಿದ್ದೆ. ಅದು ಸುಳ್ಳು ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಹಲ್ಲುಜ್ಜುವಾಗ ಯಾರಾದರೂ ಯೋಚನೆ ಮಾಡುತ್ತಾರೆಯೇ?

ಇನ್ನು ನನ್ನ ಅಣ್ಣ. ದರ್ಜಿ. ಅವನ ಅಂಗಡಿಯಲ್ಲಿ ಐದು ಜನ ಹೆಂಗಸರು ಒಂದೇ ಕೋಣೆಯಲ್ಲಿ ಕೂತು ಹೊಲಿಯುತ್ತಾರೆ. ಮೂವತ್ತು ವರ್ಷ ಬಟ್ಟೆಯ ಧೂಳು ಕುಡಿದು ಅವನ ಶ್ವಾಸಕೋಶ ಜರಡಿಯಾಗಿದೆ. ಎರಡು ಮೆಟ್ಟಿಲು ಹತ್ತಿದರೆ ಮೂರನೆಯದರ ಮೇಲೆ ಕೂತು ಸುಧಾರಿಸಿಕೊಳ್ಳುತ್ತಾನೆ. ಊರಲ್ಲಿ ಗಾಳಿಯಿಂದ ಹರಡುತ್ತಿರುವ ಈ ರೋಗ ಬಂದರೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಂಥವನು ಎಂಟು ತಿಂಗಳು ಅದರ ಲಸಿಕೆ ಬೇಡ ಎಂದು ಕೂತ. ಕಾರಣ ಮೈಕಣ್ಣ.

ಮೈಕಣ್ಣ ನಮ್ಮ ಬೀದಿಯ ವಿರೋಧ ಪಕ್ಷದ ಮುಖಂಡ. ಮೈಕು ಕೈಗೆ ಸಿಕ್ಕರೆ ವಾಪಸು ಕೊಡುವುದಿಲ್ಲವಾದ್ದರಿಂದ ಆ ಹೆಸರು. "ಪ್ರಶ್ನೆ ಕೇಳೋದು ತಪ್ಪಾ?" ಎಂದು ಬೀದಿಬೀದಿಯಲ್ಲಿ ಕೇಳಿಕೊಂಡು ತಿರುಗುತ್ತಿದ್ದ. ಪ್ರಶ್ನೆ ಕೇಳುವುದು ತಪ್ಪಲ್ಲ. ಉತ್ತರಕ್ಕೆ ಕಾಯದೆ ಪಕ್ಕದ ಬೀದಿಗೆ ಹೋಗಿ ಅದನ್ನೇ ಕೇಳುತ್ತಾನಲ್ಲ, ಅದಕ್ಕೆ ನನಗೆ ಮೈ ಉರಿಯುತ್ತಿತ್ತು. ನಮ್ಮವರೇನು ಕಡಿಮೆ ಅಂದುಕೊಳ್ಳಬೇಡಿ. ಪುರಸಭೆಯ ಅಧ್ಯಕ್ಷೆಗೆ ಯಾರಾದರೂ ಅನುಮಾನ ಹೇಳಿಕೊಂಡರೆ ಅವರು ದಡ್ಡರು, ಇಲ್ಲವೇ ವಿರೋಧ ಪಕ್ಷದವರು. ಡಾಕ್ಟರು ಅಧ್ಯಕ್ಷೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವವರು. "ಲಸಿಕೆಯ ಬಗ್ಗೆ ಇಲ್ಲಿ ಪ್ರಶ್ನೆ ಕೇಳಬಾರದು" ಎಂದು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಲು ನನ್ನ ಕೈಗೆ ಕೊಟ್ಟರು. ಅಂಟಿಸಿದೆ.

ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಇದೇ ಜಗಳ. ಅತ್ತಿಗೆ "ತಟ್ಟೆ ಮುಂದೆ ಬೇಡ್ರಪ್ಪಾ" ಎಂದು ಎಷ್ಟು ಬೇಡಿಕೊಂಡರೂ ಕೇಳುತ್ತಿರಲಿಲ್ಲ. ಒಂದು ದಿನ ಅಣ್ಣ ಅಂದ, "ಫ್ರಿಜ್ಜು, ಡಿಗ್ರಿ ಅಂತೆಲ್ಲ ಹೇಳ್ತೀಯಲ್ಲ, ಸರಿಯಾಗಿ ಇಟ್ಟಿದಾರೆ ಅಂತ ಏನು ಗ್ಯಾರಂಟಿ? ಪುಸ್ತಕದಲ್ಲಿ ಅವರಿಗೆ ಬೇಕಾದ್ದು ಬರ್ಕೋತಾರೆ ಕಣೆ. ನೋಡಿದೋರು ಯಾರು?"

"ನಾನು ನೋಡಿದೀನಿ. ಬರೆಯೋಳೇ ನಾನು."

"ನೀನಾ?"

"ಬೆಳಿಗ್ಗೆ, ಸಂಜೆ. ಕಣ್ಣಲ್ಲಿ ನೋಡ್ತೀನಿ, ಕೈಲಿ ಬರೀತೀನಿ. ನೀನು ಟೇಪು ಹಿಡಿದು ಅಳತೆ ಬರ್ಕೊಳಲ್ವಾ, ಹಾಗೇ."

ಅಣ್ಣ ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ಅಳತೆ ಎಂದರೆ ಅವನಿಗೆ ಹುಡುಗಾಟವಲ್ಲ. ಇಪ್ಪತ್ತು ವರ್ಷದ ಗಿರಾಕಿ ಬಂದರೂ ಹಳೆಯ ಪುಸ್ತಕ ನೋಡಿ ಕತ್ತರಿ ಹಾಕುವವನಲ್ಲ. "ಹೊಟ್ಟೆ ನಮ್ಮನ್ನ ಕೇಳ್ಕೊಂಡು ಬೆಳೆಯಲ್ಲ" ಎಂದು ಮತ್ತೆ ಟೇಪು ಹಿಡಿಯುತ್ತಾನೆ. ಎಂಟು ತಿಂಗಳಲ್ಲಿ ನಾನು ಹೇಳಿದ ನೂರೆಂಟು ಕಾರಣ ಅವನ ಕಿವಿಗೆ ಹೋಗಿರಲಿಲ್ಲ. ಇದು ಹೋಯಿತು. ಮುಂದಿನ ಸೋಮವಾರ ಹನ್ನೊಂದು ಗಂಟೆಗೆ ಬಂದು, ಕುರ್ಚಿಯಲ್ಲಿ ಕೂತು, ಅಂಗಿಯ ತೋಳು ಮಡಿಸಿದ. ನಾನೇ ಹಾಕಿದೆ. "ಇಷ್ಟೇನಾ?" ಎಂದ. ನನಗೆ ಕಣ್ಣು ತುಂಬಿ ಬಂತು.

ಅದೇ ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ, ಪಕ್ಕದ ಬೀದಿಯ ಶಿಬಿರಕ್ಕೆ ಲಸಿಕೆ ಒಯ್ಯಲು ಫ್ರಿಜ್ಜಿನ ಮೇಲಿನ ಐಸ್ ಖಾನೆಯಿಂದ ಐಸ್ ಪ್ಯಾಕ್ ತೆಗೆಯಲು ಹೋದೆ. ನಾಲ್ಕು ಪ್ಯಾಕುಗಳು ಒಂದಕ್ಕೊಂದು ಅಂಟಿಕೊಂಡು, ಹೊಟ್ಟೆ ಜೋತುಬಿದ್ದು, ಸೊಟ್ಟಗೆ ಗಟ್ಟಿಯಾಗಿದ್ದವು. ಹಾಗಾಗಬೇಕಾದರೆ ಒಂದು ಸಲ ಪೂರ್ತಿ ಕರಗಿ ಮತ್ತೆ ಹೆಪ್ಪುಗಟ್ಟಿರಬೇಕು. ಫ್ರಿಜ್ಜಿನೊಳಗೆ ಬೆಂಕಿಪೊಟ್ಟಣದಷ್ಟು ಒಂದು ಯಂತ್ರವಿದೆ. ಹತ್ತು ನಿಮಿಷಕ್ಕೊಮ್ಮೆ ಡಿಗ್ರಿಯನ್ನು ತಾನೇ ದಾಖಲಿಸಿಕೊಳ್ಳುತ್ತದೆ. ತಿಂಗಳಿಗೊಮ್ಮೆ ಡಾಕ್ಟರು ನೋಡಬೇಕು. ಅದರ ಗುಂಡಿ ಒತ್ತಿದೆ. ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಗೆರೆ ಗುಡ್ಡ ಹತ್ತಿತ್ತು. ತುದಿಯಲ್ಲಿ ಇಪ್ಪತ್ತೊಂದು ಡಿಗ್ರಿ.

ಕಾವಲುಗಾರನನ್ನು ಕೇಳಿದೆ. ಭಾನುವಾರ ಅಧ್ಯಕ್ಷೆ ಬೀಗ ತೆಗೆಸಿಕೊಂಡು ಬಂದಿದ್ದರಂತೆ. ಲಸಿಕೆಯಲ್ಲಿ ನಾವೇ ಮುಂದೆ ಎಂದು ವಿಡಿಯೊ ಮಾಡಿಸಲು. ಕ್ಯಾಮೆರಾದವನ ದೀಪಕ್ಕೆ ಪ್ಲಗ್ ಸಾಲದೆ ಫ್ರಿಜ್ಜಿನದನ್ನು ಕಿತ್ತು ಅದರಲ್ಲಿ ಸಿಕ್ಕಿಸಿದ್ದರು. ಹೋಗುವಾಗ ಮತ್ತೆ ಹಾಕಿ ಹೋಗಿದ್ದರು. ಫ್ರಿಜ್ಜಿಗೆ ಒರಗಿ ನಿಂತು ಅಧ್ಯಕ್ಷೆ "ಇಲ್ಲಿ ಪ್ರತಿಯೊಂದು ಹನಿಯೂ ಸುರಕ್ಷಿತ" ಎಂದು ಹೇಳಿದ್ದು ಆ ವಿಡಿಯೊದಲ್ಲಿ ಇವತ್ತಿಗೂ ಇದೆ.

ಸೋಮವಾರ ನಾವು ಹಾಕಿದ್ದು ಅರವತ್ತು ಜನಕ್ಕೆ. ಅದರಲ್ಲಿ ಒಬ್ಬ ನನ್ನ ಅಣ್ಣ.

ಉಳಿದ ಬಾಟಲಿಗಳನ್ನೆಲ್ಲ ಬೇರೆ ತೆಗೆದಿಟ್ಟು ಡಾಕ್ಟರ ಕೋಣೆಗೆ ಓಡಿದೆ. ಅವರು ಗುರುವಾರದ ಭಾಷಣ ಬರೆಯುತ್ತಿದ್ದರು. ಮೈಕಣ್ಣ ಪಟ್ಟುಹಿಡಿದು ಕೇಳಿದ್ದಕ್ಕೆ ಪುರಸಭೆ "ಲಸಿಕೆ: ಮುಕ್ತ ಚರ್ಚೆ" ಎಂದು ಸಭೆ ಇಟ್ಟಿತ್ತು, ಡಾಕ್ಟರು ಒಂದು ಕಡೆ, ಮೈಕಣ್ಣ ಇನ್ನೊಂದು ಕಡೆ. ನಾನು ಹೇಳಿದ್ದನ್ನೆಲ್ಲ ಕೇಳಿ ಡಾಕ್ಟರು ಎದ್ದು ಬಾಗಿಲು ಹಾಕಿದರು.

"ಸಿಸ್ಟರ್, ಈ ಮಾತು ಈ ಕೋಣೆ ದಾಟಬಾರದು."

"ಸರ್, ಅರವತ್ತು ಜನ. ಬೆನ್ನಿಗೇ ಕರೆದು ಮತ್ತೆ ಹಾಕ್ಬೇಕು."

"ಹಾಕೋಣ. ಈಗ ಕರೆದ್ರೆ ಮೈಕಣ್ಣನ ಕೈಗೆ ನಾವೇ ದೊಣ್ಣೆ ಕೊಟ್ಟ ಹಾಗೆ. ಚರ್ಚೆ ಮುಗೀಲಿ. ಆಮೇಲೆ ಒಬ್ಬೊಬ್ಬರನ್ನೇ ಕರೆದು, ಇನ್ನೊಂದು ಡೋಸ್ ಬಂದಿದೆ ಅಂತ ಹೇಳಿ ಹಾಕಿದ್ರಾಯ್ತು."

"ಆಮೇಲೆ ಅಂದ್ರೆ ಯಾವಾಗ ಸರ್?"

"ಆಮೇಲೆ," ಎಂದರು. ಹಿಂದಿನ ಕೋಣೆಗೆ ಬಂದು, ಪುಸ್ತಕ ತೆರೆದು, ಭಾನುವಾರದ ಸಾಲಿನ ಮೇಲೆ ಬೆರಳಿಟ್ಟರು. ಅವರ ಮುಖ ಅರಳಿತು. "ಐದು ಅಂತಾನೇ ಬರೆದಿದೀರಲ್ಲ. ಒಳ್ಳೇದೇ ಆಯ್ತು ಬಿಡಿ." ನನ್ನ ಬೆನ್ನು ತಟ್ಟುವುದೊಂದು ಬಾಕಿ. ಅವರ ನಗುವಿನಲ್ಲಿ ನನಗೂ ಪಾಲು ಇಟ್ಟಿದ್ದರು. ಎಂಜಲು ತಟ್ಟೆ ಮುಂದೆ ತಳ್ಳಿ ಊಟ ಮಾಡು ಎಂದ ಹಾಗಾಯಿತು.

ಮಂಗಳವಾರ ಹೊಸ ಲಸಿಕೆ ಬಂತು. ಬುಧವಾರ ಮೈಕಣ್ಣನೂ ಬಂದ, ಮಾಸ್ಕನ್ನು ಗದ್ದಕ್ಕೆ ಇಳಿಬಿಟ್ಟುಕೊಂಡು. ಕಾವಲುಗಾರನ ಬಾಯಿಂದ ಪ್ಲಗ್ಗಿನ ಸುದ್ದಿ ಅವನಿಗೂ ಮುಟ್ಟಿತ್ತು.

"ಅಕ್ಕಾ, ನಾಳೆ ಸಭೆಯಲ್ಲಿ ಎದ್ದು ನಿಂತು ಹೇಳಿಬಿಡಿ. ನಿಮ್ಮ ಕೂದಲು ಕೊಂಕದ ಹಾಗೆ ನೋಡ್ಕೊಳೋ ಜವಾಬ್ದಾರಿ ನಂದು."

"ಹೇಳ್ತೀನಿ. ಆ ಅರವತ್ತು ಜನ ಶುಕ್ರವಾರ ಬಂದು ಮತ್ತೆ ಹಾಕಿಸ್ಕೊಳ್ಳಿ ಅಂತ ನೀವೂ ಮೈಕಲ್ಲಿ ಹೇಳ್ತೀರಾ?"

ಅವನು ಹಲ್ಲು ಕಿರಿದ. "ಅದೆಲ್ಲ ಆಮೇಲೆ ನೋಡೋಣ."

"ಅವರಲ್ಲಿ ಯಾರಿಗಾದ್ರೂ ಏನಾದ್ರೂ ಆದ್ರೆ?"

"ಆದ್ರೆ ಏನಕ್ಕಾ, ಜನಕ್ಕೇ ಅರ್ಥ ಆಗುತ್ತೆ ಬಿಡಿ."

ಅಂದರೆ ಅವನಿಗೆ ಒಂದು ಹೆಣ ಬೇಕಿತ್ತು. ಕೈಯೆತ್ತಿ ತೋರಿಸಲು ಒಂದು ಹೆಣ. ಡಾಕ್ಟರಿಗೆ ಒಂದು ಐದು ಸಾಕಾಗಿತ್ತು. ಇಬ್ಬರ ಬಾಯಲ್ಲೂ ಅದೇ "ಆಮೇಲೆ". ಅವನು ಕೂತೆದ್ದ ಕುರ್ಚಿಯನ್ನು ಸ್ಪಿರಿಟ್ ಹಾಕಿ ಎರಡು ಸಲ ಒರೆಸಿದೆ.

ಬುಧವಾರ ಸಂಜೆಯೇ ಅಣ್ಣನ ಫೋನು. ಅಂಗಡಿಯಲ್ಲಿ ಗುಂಡಿ ಹೊಲಿಯುವ ಹೆಂಗಸಿಗೆ ರೋಗ ಹಿಡಿದಿದೆ, ಮನೆಯಲ್ಲಿ ಒಬ್ಬಳೇ, ತಾನೇ ಹೋಗಿ ಊಟ ಕೊಟ್ಟು ಬಂದೆ ಎಂದ. "ಒಳಗೆ ಹೋಗಿದ್ಯಾ?" ಎಂದು ಕಿರುಚಿದೆ. "ಹೋದ್ರೇನೀಗ? ನೀನೇ ಸೂಜಿ ಹಾಕಿದೀಯಲ್ಲ," ಎಂದು ನಕ್ಕ. ನಗು ಕೆಮ್ಮಾಯಿತು. ಒಳ್ಳೆ ಲಸಿಕೆಯಾದರೂ ಕೆಲಸ ಮಾಡಲು ಎರಡು ವಾರ ಬೇಕು, ಮಾಸ್ಕ್ ತೆಗೀಬೇಡ, ಆ ಮನೆಯೊಳಗೆ ಕಾಲಿಡಬೇಡ ಎಂದು ಬೈದೆ. ಉಳಿದದ್ದನ್ನು ಹೇಳಲು ನಾಲಿಗೆ ಹೊರಳಲಿಲ್ಲ. ಫ್ರಿಜ್ ಬಿಸಿಯಾಗಿತ್ತು ಎಂದರೆ ಅವನು ಕೇಳುವ ಮೊದಲ ಪ್ರಶ್ನೆ ಯಾವುದೆಂದು ನನಗೆ ಗೊತ್ತಿತ್ತು. ಮುನ್ನೂರು ಜನರ ಮುಂದೆ ಹೇಳುವುದೇ ಸುಲಭ ಎನ್ನಿಸಿತು.

ಗುರುವಾರ ಬೆಳಿಗ್ಗೆ ಪುರಸಭೆಯ ಸಭಾಂಗಣ. ಕಿಟಕಿಗಳೆಲ್ಲ ಮುಚ್ಚಿ, ಬೆವರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಗಾಳಿಯಲ್ಲಿ ಹರಡುವ ರೋಗದ ಬಗ್ಗೆ ಚರ್ಚೆ ಮಾಡಲು ಬಂದವರು ಗಾಳಿಗೇ ಜಾಗ ಬಿಟ್ಟಿರಲಿಲ್ಲ. ನಡುವೆ ಗಂಟೆ ಹಿಡಿದು ಕೂತವರು ನಿವೃತ್ತ ಮೇಷ್ಟ್ರು. ಮೂರು ನಿಮಿಷವಾದರೆ ಗಂಟೆ ಬಾರಿಸುವುದು ಅವರ ಕೆಲಸ. ಡಾಕ್ಟರು ಹಾಳೆ ನೋಡಿ ಓದಿದರು. ಮೈಕಣ್ಣ ಹಾಳೆ ಇಲ್ಲದೆ ಕೂಗಿದ. ಒಬ್ಬರು ಆಡಿದ್ದನ್ನು ಇನ್ನೊಬ್ಬರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಜನ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕಳಿಸಬೇಕು, ಅದನ್ನು ಮೊದಲ ಸಾಲಿನಲ್ಲಿ ಕೂತ ಅಧ್ಯಕ್ಷೆ ನೋಡಿ ಆರಿಸಿ ಮೇಲೆ ಕಳಿಸಬೇಕು. ಮುಕ್ತ ಚರ್ಚೆ ನಡೆದ ಚೆಂದ ಇದು. ನನ್ನ ಚೀಟಿ ಅವರ ಕೈಗೆ ಹೋಯಿತು, ಓದಿದರು, ನಾಲ್ಕು ಮಡಿಕೆ ಮಡಿಸಿ ಕೈಚೀಲದೊಳಗೆ ಹಾಕಿಕೊಂಡರು.

ನಾನು ಎದ್ದು ಮೆಟ್ಟಿಲು ಹತ್ತಿದೆ. ಮೇಷ್ಟ್ರು ತಡೆಯಲಿಲ್ಲ. ಮೈಕಣ್ಣ ಜನ್ಮದಲ್ಲಿ ಮೊದಲ ಸಲ ತನ್ನ ಮೈಕನ್ನು ತಾನೇ ಇನ್ನೊಬ್ಬರ ಕೈಗೆ ಕೊಟ್ಟ.

ಹೇಳಿದೆ. ಭಾನುವಾರ ಪ್ಲಗ್ ಕಿತ್ತಿದ್ದು, ಯಾಕೆ ಕಿತ್ತಿದ್ದು, ಇಪ್ಪತ್ತೊಂದು ಡಿಗ್ರಿ, ಅರವತ್ತು ಜನ. "ಸೋಮವಾರ ಹಾಕಿಸ್ಕೊಂಡವರಿಗೆ ಅಪಾಯ ಇಲ್ಲ. ಆದ್ರೆ ರಕ್ಷಣೆನೂ ಇಲ್ಲ. ಹೊಸ ಲಸಿಕೆ ಬಂದಿದೆ. ನಾಳೆ ಬೆಳಿಗ್ಗೆ ದಯವಿಟ್ಟು ಬನ್ನಿ." ಹಿಂದೆ ಬಾಗಿಲ ಹತ್ತಿರ ಅಣ್ಣ ನಿಂತಿದ್ದ, ಕೊರಳಲ್ಲಿ ಟೇಪು, ಮುಖದ ಮೇಲೆ ಮಾಸ್ಕು. ಅವನ ಕಣ್ಣಷ್ಟೇ ಕಾಣುತ್ತಿತ್ತು.

ಅಷ್ಟರಲ್ಲಿ ಮೇಷ್ಟ್ರು ಮೆಲ್ಲಗೆ ಕೇಳಿದರು, "ಸಿಸ್ಟರ್, ಡಿಗ್ರಿ ಬರೆಯೋ ಪುಸ್ತಕ ಇರುತ್ತಲ್ಲ? ಅದರಲ್ಲಿ ಭಾನುವಾರ ಏನಂತ ಇದೆ?"

ಇಡೀ ಸಭೆಯಲ್ಲಿ ಅವತ್ತು ಕೇಳಿದ ಒಂದೇ ಒಂದು ನಿಜವಾದ ಪ್ರಶ್ನೆ ಅದು. ಅಣ್ಣ ಕುತ್ತಿಗೆ ಚಾಚಿ ನೋಡುತ್ತಿದ್ದ.

"ಭಾನುವಾರ ರಜೆ ಸರ್," ಎಂದೆ. "ನೋಡದೇ ಬರೆಯಲ್ಲ. ಆ ದಿನದ್ದು ಖಾಲಿ ಬಿಟ್ಟಿರ್ತೀನಿ."

ಡಾಕ್ಟರು ತಲೆಯೆತ್ತಿ ನನ್ನನ್ನು ನೋಡಿದರು. ಪುಸ್ತಕ ನೋಡಿದ್ದ ಇನ್ನೊಬ್ಬರೆಂದರೆ ಅವರೇ. ಕಂಡೂ ಕಾಣದಷ್ಟು ತಲೆಯಾಡಿಸಿದರು, ನಮ್ಮೋಳೇ ಬಿಡು ಎನ್ನುವ ಹಾಗೆ.

ಆಮೇಲೆ ಏನು ನಡೆಯಿತೋ ಅದು ಎಲ್ಲರಿಗೂ ಗೊತ್ತಿರುವಂಥದ್ದೇ. ಒಂದು ಕಡೆಯವರು "ವಿಷ ಚುಚ್ಚಿದ್ರು" ಎಂದು ಕೂಗಿದರು. ಇನ್ನೊಂದು ಕಡೆಯವರು "ಇವಳಿಗೆ ಎಷ್ಟು ಕೊಟ್ರು ಕೇಳಿ" ಎಂದು ಕೂಗಿದರು. ಒಬ್ಬನ ಉಗುಳು ನನ್ನ ಕನ್ನಡಕದ ಮೇಲೆ ಬಿತ್ತು. ಅರ್ಧ ಗಂಟೆಯೊಳಗೆ ನನ್ನ ಮಾತು ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು, "ರಕ್ಷಣೆನೂ ಇಲ್ಲ" ಎನ್ನುವಲ್ಲಿಗೆ ಕತ್ತರಿಸಿ. "ನಾಳೆ ಬನ್ನಿ" ಎಂದದ್ದು ಯಾರ ಫೋನಿನಲ್ಲೂ ಇರಲಿಲ್ಲ. ಅಧ್ಯಕ್ಷೆಯ ಕಡೆಯವರು ಕ್ಯಾಮೆರಾದವನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಂಡರು. ನನಗೆ ಎರಡೂ ಕಡೆಯವರ ಮೇಲೆ ಉಗಿಯಬೇಕೆನ್ನಿಸಿತು. ಇಷ್ಟು ಕೊಳಕಿನ ನಡುವೆ ನಾನೊಬ್ಬಳೇ ಶುಭ್ರ ಎಂಬ ಭಾವನೆಯೂ ಒಳಗೊಳಗೇ ಬಂದಿತ್ತು. ನಾಚಿಕೆಗೆಟ್ಟ ಮನಸ್ಸು, ಖಾಲಿ ಎಂದು ಹೇಳಿ ಒಂದು ಗಂಟೆಯೂ ಆಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅರವತ್ತು ಕಾರ್ಡು ಜೋಡಿಸಿಟ್ಟುಕೊಂಡು ಕೂತೆವು. ಹತ್ತೂವರೆಯಾದರೂ ಬಂದವರು ಮೂವರು. ಹತ್ತು ಜನ ಸೇರದೆ ಬಾಟಲಿ ಒಡೆಯುವ ಹಾಗಿಲ್ಲ, ಒಡೆದರೆ ಉಳಿದದ್ದು ಚೆಲ್ಲಬೇಕು. ಮೂವರನ್ನೂ ಕೂರಿಸಿ ಬಾಗಿಲು ನೋಡುತ್ತಿದ್ದೆ.

ಹನ್ನೊಂದಕ್ಕೆ ಹೊರಗೆ ಅಣ್ಣನ ಕೆಮ್ಮು ಕೇಳಿಸಿತು. ಇಣುಕಿದೆ. ಅವನ ಹಿಂದೆ ಇಪ್ಪತ್ತಕ್ಕೂ ಹೆಚ್ಚು ಜನ. ಅಂಗಡಿಯ ಹೆಂಗಸರು, ಗಿರಾಕಿಗಳು, ಸೋಮವಾರ ಸಾಲಿನಲ್ಲಿ ಅವನ ಹಿಂದೆಮುಂದೆ ನಿಂತಿದ್ದವರು. ಮನೆಮನೆಗೆ ಹೋಗಿ, ಮೆಟ್ಟಿಲ ಮೇಲೆ ಕೂತು ಕೂತು, ಕರೆದುಕೊಂಡು ಬಂದಿದ್ದ.

"ಬನ್ನಿ ಬನ್ನಿ," ಎಂದು ಅವರನ್ನು ಒಳಗೆ ಕೂರಿಸಿದ. ಆಮೇಲೆ ಏದುಸಿರು ಬಿಡುತ್ತಲೇ ನನ್ನ ಪರವಾಗಿ ಭಾಷಣ ಶುರುಮಾಡಿದ. "ನಿನ್ನೆ ಆ ಹಾಲ್‌ನಲ್ಲಿ ಇದ್ದದ್ದು ಇಬ್ಬರು ಕಳ್ಳರು, ಒಬ್ಬಳು ನನ್ನ ತಂಗಿ. ಎಂಟು ತಿಂಗಳು ಇವಳ ಮಾತು ನಂಬದೆ ಜಗಳ ಆಡಿದೀನಿ. ನಿನ್ನೆ ಪೂರ್ತಿ ನಂಬ್ದೆ. ಯಾಕೆ ಗೊತ್ತಾ? ನೋಡದೇ ಬರೆಯಲ್ಲ, ಖಾಲಿ ಬಿಟ್ಟಿದೀನಿ ಅಂದಳಲ್ಲ, ಅದಕ್ಕೆ. ಖಾಲಿ ಬಿಡೋಕೆ ಧೈರ್ಯ ಬೇಕು ಕಣ್ರಪ್ಪಾ." ಒಬ್ಬಳು ಹೆಂಗಸು ಇನ್ನೂ ಅನುಮಾನದಿಂದ ಬಾಗಿಲ ಹತ್ತಿರವೇ ನಿಂತಿದ್ದಳು. ಅವಳ ಕಡೆ ತಿರುಗಿ ಅಂದ, "ಬೇಕಾದ್ರೆ ಕಣ್ಣಾರೆ ನೋಡು. ಎಲ್ಲಿ, ಆ ಪುಸ್ತಕ ತಗೊಂಬಾಮ್ಮ."

"ಅದೆಲ್ಲ ಯಾಕೆ ಅಣ್ಣಾ, ಹೊತ್ತಾಗುತ್ತೆ," ಎಂದೆ.

ಚಿಕ್ಕ ಸಿಸ್ಟರ್‌ಗೆ ಏನೂ ಗೊತ್ತಿಲ್ಲ. ಆಗಲೇ ದಾರ ಬಿಚ್ಚಿ ಪುಸ್ತಕ ತಂದು ಅವನ ಕೈಗೆ ಕೊಟ್ಟಿದ್ದಳು.

ಅಣ್ಣ ಕನ್ನಡಕ ಹಾಕಿಕೊಂಡ. ಅಂಗಡಿಯಲ್ಲಿ ಅಳತೆ ಕೂಗಿ ಹೇಳುವ ಅದೇ ಧಾಟಿಯಲ್ಲಿ ಓದಿದ. "ಶನಿವಾರ ಬೆಳಿಗ್ಗೆ ನಾಲ್ಕು, ಸಂಜೆ ಐದು. ಭಾನುವಾರ..."

ನಿಂತ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಂದು ಹಾಳೆ ಹಿಂದಕ್ಕೆ ತಿರುವಿದ, ಇನ್ನೊಂದು ತಿರುವಿದ. ಅವನ ಬೆರಳು ಪ್ರತಿ ಹಾಳೆಯಲ್ಲೂ ಭಾನುವಾರದ ಸಾಲನ್ನು ಹುಡುಕಿ ಅಲ್ಲಿ ನಿಲ್ಲುತ್ತಿತ್ತು.

"ಇದು ನಿನ್ನ ಅಕ್ಷರಾನಾ?" ದನಿ ತಗ್ಗಿತ್ತು.

"ಹೌದು."

"ನೋಡಿ ಬರ್ದಿದ್ದಾ?"

"ಇಲ್ಲ."

ಬಾಗಿಲ ಹತ್ತಿರದ ಹೆಂಗಸು ಸೆರಗು ಸರಿಪಡಿಸಿಕೊಂಡು ಹೊರಡಲು ತಿರುಗಿದಳು. ಔಷಧಿ ಬೀರುವಿನ ಗಾಜಿನಲ್ಲಿ ನನ್ನ ಮುಖ ಕಂಡಿತು. ಮೊದಲೇ ಹೇಳಿದೆನಲ್ಲ, ಇನ್ನೊಬ್ಬಳು ಎಂದು. ಅವಳೇ.

ಅಣ್ಣ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟ. ನನ್ನನ್ನು ದಾಟಿಕೊಂಡು ಹಿಂದಿನ ಕೋಣೆಗೆ ಹೋಗಿ, ಫ್ರಿಜ್ಜಿನ ಮುಂದೆ ಬಗ್ಗಿ, ಬಾಗಿಲ ಮೇಲಿನ ಅಂಕಿಯನ್ನು ತಾನೇ ನೋಡಿದ. ಒಳಗಿನ ಆ ಪುಟ್ಟ ಯಂತ್ರವನ್ನು ತೆಗೆಸಿ, ಚಿಕ್ಕ ಸಿಸ್ಟರ್ ಕೈಯಲ್ಲಿ ಗುಂಡಿ ಒತ್ತಿಸಿ, ಮಂಗಳವಾರದಿಂದ ಇವತ್ತಿನವರೆಗಿನ ಗೆರೆಯನ್ನು ಬೆರಳಿಟ್ಟು ನೋಡಿದ. ಆತುರವಿಲ್ಲದೆ, ಅಂಗಡಿಯಲ್ಲಿ ಎದೆ ಸುತ್ತಳತೆ ತೆಗೆಯುವ ಹಾಗೆ. ವಾಪಸು ಬಂದು ಜನರಿಗೆ ಹೇಳಿದ.

"ಇವತ್ತಿಂದು ಸರಿಯಾಗಿದೆ. ನಾನೇ ನೋಡ್ದೆ, ಆರು ಡಿಗ್ರಿ ಇದೆ. ಎಲ್ಲರೂ ಹಾಕಿಸ್ಕೊಳ್ಳಿ. ಇದ್ರಲ್ಲಿ ಔಷಧಿದೇನು ತಪ್ಪಿಲ್ಲ."

ಹೊರಟಿದ್ದ ಹೆಂಗಸು ನಿಂತಳು. ಅಣ್ಣ ಕುರ್ಚಿಯಲ್ಲಿ ಕೂತು ತೋಳು ಮಡಿಸಿದ. ನಾನು ಬಾಟಲಿ ಒಡೆದು, ಸಿರಿಂಜ್ ತುಂಬಿ, ಹತ್ತಿ ಹಿಡಿದು ಹತ್ತಿರ ಹೋದೆ. ಅವನು ಅಂಗೈಯಿಂದ ತೋಳು ಮುಚ್ಚಿಕೊಂಡ. ನನ್ನ ಮುಖ ನೋಡಲಿಲ್ಲ.

"ನೀನು ಬೇಡ. ಆ ಮಗು ಹಾಕ್ಲಿ."

ಸಿರಿಂಜನ್ನು ಚಿಕ್ಕ ಸಿಸ್ಟರ್ ಕೈಗೆ ಕೊಟ್ಟೆ. ಅವಳು ಚೆನ್ನಾಗಿ ಹಾಕಿದಳು. ಒಬ್ಬೊಬ್ಬರಾಗಿ ಕೂತರು, ಎದ್ದರು. ಎಲ್ಲರೂ ಅವಳ ಕಡೆಯೇ ತೋಳು ಚಾಚಿದರು. ನಾನು ಕಾರ್ಡಿನಲ್ಲಿ ಹೊತ್ತು ಬರೆಯುತ್ತಿದ್ದೆ. ಬರೆಯುವ ಮುಂಚೆ ಪ್ರತಿ ಸಲವೂ ಒಬ್ಬರಲ್ಲ ಒಬ್ಬರು ಗೋಡೆಯ ಗಡಿಯಾರ ನೋಡಿ, ಆಮೇಲೆ ನನ್ನ ಪೆನ್ನು ನೋಡುತ್ತಿದ್ದರು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಸೋಪು ಹಾಕಿ ಮೊಣಕೈವರೆಗೂ ಕೈ ತೊಳೆದುಕೊಂಡೆ. ಊಟದ ಡಬ್ಬಿ ತೆರೆದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ, ಆ ಕೈಯನ್ನು ಬಾಯಿಯವರೆಗೆ ತರಲು ನನ್ನಿಂದಾಗಲಿಲ್ಲ.